ನಾಲಿಗೆಯ ಕೆಳಗೆ

“ಬಾಯಿ ತೆಗಿ. ನಾಲಿಗೆ ಎತ್ತು.”

ನಲವತ್ತು ದಾಟಿದ ತಮ್ಮ, ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದ. ಅಣ್ಣ ಕನ್ನಡಕವನ್ನು ಹಣೆಗೇರಿಸಿ ಟಾರ್ಚ್ ಬಿಟ್ಟು ಇಣುಕಿದ. ಕಂಡಕ್ಟರಾಗಿ ನಿವೃತ್ತನಾದ ಮನುಷ್ಯ. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆನೆಂದು ಈಗಲೂ ಜಂಬ ಕೊಚ್ಚುತ್ತಿದ್ದ.

“ನುಂಗಿದೀನಿ ಅಣ್ಣಾ.”

“ಮತ್ತೆ ಲಿವರ್ ಯಾಕೆ ಹಾಳಾಗ್ತಿದೆ? ರಕ್ತ ಸುಳ್ಳು ಹೇಳುತ್ತಾ?”

ಅತ್ತಿಗೆ ತಡೆಯಲಾರದೆ, “ದಿನಾ ನೀವೇ ಕೈಯಾರೆ ಕೊಡ್ತೀರಲ್ರೀ,” ಎಂದರು.

“ಕೊಡೋದು ನಾನು. ನುಂಗೋದು ಅವನಲ್ವಾ?”

ಆ ಅನುಮಾನಕ್ಕೆ ಬುಡವಿಲ್ಲದಿರಲಿಲ್ಲ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ಇವೆಯೆಂದು ಗೊತ್ತಾದ ಮೊದಲ ವರ್ಷ ತಮ್ಮನಿಗೆ ಬದುಕೇ ಬೇಡವಾಗಿತ್ತು. ಬಚ್ಚಲ ಕಿಂಡಿಯಲ್ಲಿ ನೆನೆದು ಉಬ್ಬಿದ ಮಾತ್ರೆಗಳು ಅಣ್ಣನ ಕೈಗೆ ಸಿಕ್ಕಿದ್ದವು. ಅಣ್ಣ ಅವತ್ತು ಬೈಯಲಿಲ್ಲ. ಬಚ್ಚಲಲ್ಲೇ ಕುಕ್ಕರಿಸಿ ಅತ್ತ. ಅದನ್ನು ನೋಡಿದ ಮೇಲೆ ತಮ್ಮ ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ಬಸ್ಸಿನ ಸೀಟು ಹೊಲಿಯುವ ಶೆಡ್ ಹಾಕಿ ತನ್ನ ಕಾಲ ಮೇಲೆ ನಿಂತಿದ್ದ. ಈಚೆಗೆ ಸುಸ್ತು, ಕಣ್ಣಲ್ಲಿ ಹಳದಿ. ಡಾಕ್ಟರಮ್ಮ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಿದ್ದರು.

ಮರುದಿನ ತಮ್ಮ ತನ್ನ ದಿಂಬು, ಹೊದಿಕೆ, ಮಾತ್ರೆ ಡಬ್ಬಿ ಎತ್ತಿಕೊಂಡು ಶೆಡ್ಡಿಗೆ ಹೋಗಿಬಿಟ್ಟ. “ಅಲ್ಲೂ ಬಂದು ಟಾರ್ಚ್ ಬಿಡ್ಲಿ,” ಎಂದು ಅತ್ತಿಗೆಗೆ ಹೇಳಿದ. ಅಣ್ಣ ಬರಲಿಲ್ಲ.

ರಿಪೋರ್ಟ್ ಬಂದ ದಿನ ಆಸ್ಪತ್ರೆಯಲ್ಲಿ ಇಬ್ಬರೂ ನಡುವೆ ಒಂದು ಕುರ್ಚಿ ಬಿಟ್ಟು ಕೂತರು. ಒಳಗೆ ಹೋದದ್ದೇ ತಡ, ಡಾಕ್ಟರಮ್ಮ ಬಾಯಿ ಬಿಡುವ ಮೊದಲೇ ಅಣ್ಣ ಶುರು ಮಾಡಿದ.

“ಮಾತ್ರೆ ತಪ್ಪಿಸ್ತಾನೆ ಮೇಡಂ. ನೀವೇ ಬುದ್ಧಿ ಹೇಳಿ.”

“ಯಾರು ಹೇಳಿದ್ದು? ತಪ್ಪಿಸಿದ್ರೆ ಮೊದಲು ತಲೆ ಎತ್ತೋದು ಎಚ್‌ಐವಿ. ಇವರ ರಕ್ತದಲ್ಲಿ ಅದು ಪರೀಕ್ಷೆಗೆ ಸಿಗದಷ್ಟು ಕಮ್ಮಿ ಇದೆ. ಇಷ್ಟು ಚೆನ್ನಾಗಿ ಔಷಧಿ ತಗೊಳ್ಳೋರು ನಮ್ಮಲ್ಲಿ ಅಪರೂಪ.”

“ಮತ್ತೆ ಲಿವರ್ರು?”

“ಅದು ಇನ್ನೊಂದು ವೈರಸ್ಸಿನ ಕೆಲಸ, ಹೆಪಟೈಟಿಸ್ ಬಿದು. ಹಳೇ ಮಾತ್ರೇಲಿ ಅದಕ್ಕೂ ನಾಟೋ ಔಷಧಿ ಇದ್ದಿದ್ದು ಒಂದೇ. ವರ್ಷಗಟ್ಟಲೆ ಅದೊಂದನ್ನೇ ಎದುರಿಸಿ ಎದುರಿಸಿ ವೈರಸ್ಸು ತನ್ನ ಜೀನನ್ನೇ ಬದಲಾಯಿಸ್ಕೊಂಡಿದೆ. ಎಚ್‌ಐವಿನೂ ಜೊತೆಗೆ ಇರೋರಲ್ಲಿ ಇದು ಜಾಸ್ತಿ. ಇದರಲ್ಲಿ ಇವರ ತಪ್ಪೇನೂ ಇಲ್ಲ.” ಹೊಸ ಮಾತ್ರೆ ಬರೆದುಕೊಟ್ಟರು. ಇದು ಎರಡಕ್ಕೂ ನಾಟುತ್ತದೆ, ಆದರೆ ಲಿವರ್ ಈಗಾಗಲೇ ಸ್ವಲ್ಪ ಗಟ್ಟಿಯಾಗಿದೆ. ಎಷ್ಟು ಸುಧಾರಿಸುತ್ತದೋ ಕಾದು ನೋಡಬೇಕು ಎಂದರು.

ತಮ್ಮನಿಗೆ ಅಳು ಬಂದಿತು, ಜೊತೆಗೆ ನಗುವೂ. ಇಷ್ಟು ವರ್ಷ ನಿಯತ್ತಾಗಿ ನುಂಗಿದ್ದಕ್ಕೆ ಸಿಕ್ಕ ಬಹುಮಾನ ಇದು. ಅಣ್ಣನ ಕಡೆ ನೋಡಿದರೆ, ಅವನು ಡಾಕ್ಟರಮ್ಮನ ಮೇಜಿನ ಅಂಚನ್ನೇ ದಿಟ್ಟಿಸುತ್ತಿದ್ದ. ಹೊರಗೆ ಬಂದವನು “ಕೆಲಸ ಇದೆ” ಎಂದು ಗೊಣಗಿ ಬಿರಬಿರನೆ ನಡೆದುಬಿಟ್ಟ.

ಸಂಜೆ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು. ಅಣ್ಣ ಒಳಗೆ ಬಂದು, ರೆಕ್ಸಿನ್ ಚೂರುಗಳನ್ನು ದಾಟಿ, ಹೊಸದಾಗಿ ಹೊಲಿದು ಗೋಡೆಗೆದುರಾಗಿ ಇಟ್ಟಿದ್ದ, ಇಬ್ಬರು ಕೂರುವ ಬಸ್ ಸೀಟಿನಲ್ಲಿ ಕೂತ. ತಮ್ಮ ಮೊಳೆ ಹೊಡೆಯುವುದನ್ನು ನಿಲ್ಲಿಸಲಿಲ್ಲ.

“ಸ್ಪಂಜು ಒಳ್ಳೇದು ಹಾಕಿದೀಯ,” ಎಂದ ಅಣ್ಣ.

“ಹೂಂ.”

“ಡ್ಯೂಟೀಲಿ ಇದ್ದಷ್ಟು ದಿನ ನಿಂತೇ ಹೋದೆ ನೋಡು. ಸೀಟು ಹೇಗಿರುತ್ತೆ ಅಂತಲೇ ಗೊತ್ತಾಗ್ಲಿಲ್ಲ.” ಆಮೇಲೆ ಗೋಡೆಗೆ ಹೇಳಿದಂತೆ ಹೇಳಿದ: “ನಿನ್ನ ಬಾಯೊಳಗೆ ಟಾರ್ಚ್ ಬಿಟ್ಟೆನಲ್ಲೋ.”

ತಮ್ಮನ ಸುತ್ತಿಗೆ ನಿಂತಿತು. ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಬಿರುಸು ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ.

“ಹಲ್ಲು ಹುಳುಕಾಗಿದ್ಯಾ ಅಂತಾದ್ರೂ ಹೇಳ್ಬೇಕಿತ್ತು,” ಎಂದ.

ಅಣ್ಣ ನಗಲು ಹೋದ, ಆಗಲಿಲ್ಲ. ಮುಖ ತಿರುಗಿಸಿ, ಬಸ್ಸಿನಲ್ಲಾದರೆ ಕಿಟಕಿ ಇರುವ ಕಡೆಗೆ ಒಂದಿಷ್ಟು ಸರಿದು, ಪಕ್ಕದ ಜಾಗದ ಮೇಲಿದ್ದ ದಾರದೆಳೆಗಳನ್ನು ಅಂಗೈಯಿಂದ ಒರೆಸಿದ.