ಮೊದಲ ಮಂಗಳವಾರ

"ಈ ಇಪ್ಪತ್ತಾರು ಸಾಲು ತೆಗೆದುಬಿಡಿ," ಎಂದರು ಎಂಜಿನಿಯರು, ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು. "ಉಳಿದಿದ್ದು ಹಾಕಿ. ನಮ್ಮ ಹುಳುಕಿಗೆ ನಾವೇ ಡಂಗುರ ಹೊಡೀಬೇಕಾ?"

ನೀರು ಸರಬರಾಜು ಕಚೇರಿಯ ಪರೀಕ್ಷಕಿ ಬಗ್ಗಿ ಆ ಸಾಲುಗಳನ್ನು ನೋಡಿದಳು. ಹನ್ನೊಂದು ವರ್ಷದಿಂದ ದಿನವೂ ಬೀದಿಬೀದಿಯ ನಲ್ಲಿಯಿಂದ ನೀರು ಹಿಡಿದು, ಔಷಧಿಯ ಹನಿ ಬಿಟ್ಟು, ಬಣ್ಣ ನೋಡಿ ಕ್ಲೋರಿನ್ ಎಷ್ಟಿದೆಯೆಂದು ಬರೆದವಳು ಅವಳೇ. ಬರೆದದ್ದು ಬೀರು ಸೇರುತ್ತಿತ್ತು. ಈಗ ಸರ್ಕಾರದ ಆದೇಶ ಬಂದಿತ್ತು: ಕಚೇರಿಯ ಅಂಕಿಅಂಶಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ಜಾಲತಾಣದಲ್ಲಿ ಇಡಬೇಕು. ತಿಂಗಳಿಡೀ ಕೂತು ಎರಡು ವರ್ಷದ್ದನ್ನು ಟೈಪು ಮಾಡಿದ್ದಳು. ಎಂಜಿನಿಯರು ತೋರಿಸಿದ ಸಾಲುಗಳೆಲ್ಲ ಗುಡ್ಡದ ಬೀದಿಯವು. ಆ ದಿನಗಳಲ್ಲಿ ಅಲ್ಲಿ ಕ್ಲೋರಿನ್ ಇಲ್ಲವೆನ್ನುವಷ್ಟು ಕಡಿಮೆ. ಮರುದಿನ ಹೋಗಿ ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು.

"ತೆಗೆದ್ರೆ ಅದು ನಾನು ಬರೆದದ್ದಾಗಲ್ಲ ಸರ್."

"ನಾಳೆ ಜನ ಬಂದು ಬೈದ್ರೆ?"

"ಬೈಸಿಕೊಳ್ಳೋಣ. ಅಲ್ಲಿ ಮಕ್ಕಳಿಗೆ ಹೊಟ್ಟೆ ಕೆಡ್ತಾನೇ ಇದೆ. ಬೈಗುಳ ಅದಕ್ಕಿಂತ ದೊಡ್ಡದಾ?"

ಎಂಜಿನಿಯರು ಕನ್ನಡಕ ತೆಗೆದು ಒರೆಸಿದರು. "ನಿಮ್ಮ ಜೊತೆ ನನ್ನ ಹಣೆಬರಹಾನೂ. ಹಾಕಿ."

ಯಾರೂ ಬೈಯಲಿಲ್ಲ. ಇಪ್ಪತ್ತು ದಿನ ಯಾರೂ ನೋಡಿದಂತೆಯೂ ಕಾಣಲಿಲ್ಲ. ಆಮೇಲೊಂದು ಮಧ್ಯಾಹ್ನ ಗುಡ್ಡದ ಬೀದಿಯ ದರ್ಜಿ, ಅರವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಕಚೇರಿಗೆ ಬಂದಳು. ಬಟ್ಟೆ ಕತ್ತರಿಸಲು ನಕ್ಷೆ ಬರೆಯುವ ದೊಡ್ಡ ಕಾಗದವನ್ನು ಮೇಜಿನ ಮೇಲೆ ಹಾಸಿದಳು. ಅದರಲ್ಲಿ ಎರಡು ವರ್ಷದ ಕ್ಯಾಲೆಂಡರು, ಅಲ್ಲಲ್ಲಿ ನೀಲಿ ಗೀಟು.

"ನಾನು ಓದಿದ್ದು ನಾಲ್ಕನೇ ಕ್ಲಾಸು. ಮೊಮ್ಮಗಳು ತಿಂಗಳಿಗೊಂದ್ಸಲ ಹೊಟ್ಟೆ ಕೆಟ್ಟು ಮಲಗ್ತಾಳೆ. ಸೊಸೆ ಫೋನಲ್ಲಿ ನಿಮ್ಮ ಪಟ್ಟಿ ಓದಿದ್ಲು, ಕಮ್ಮಿ ಬಂದ ದಿನಕ್ಕೆ ನಾನು ಗೀಟು ಹಾಕ್ದೆ. ಎರಡು ಬಿಟ್ಟು ಮಿಕ್ಕಿದ್ದೆಲ್ಲಾ ತಿಂಗಳ ಮೊದಲನೇ ಮಂಗಳವಾರ. ಅವತ್ತು ನೀವೇನ್ಮಾಡ್ತೀರಿ?"

ಪರೀಕ್ಷಕಿ ಕಾಗದದ ಮೇಲೆ ಬಗ್ಗಿದಳು. ಇಷ್ಟು ವರ್ಷ ತಾರೀಖು ಬರೆದವಳು ವಾರ ನೋಡಿರಲಿಲ್ಲ. ಎಂಜಿನಿಯರು ಕುರ್ಚಿಯಿಂದ ಎದ್ದೇಬಿಟ್ಟರು. ಪ್ರತಿ ತಿಂಗಳೂ ಆ ದಿನ ಬೆಳಿಗ್ಗೆ ಗುಡ್ಡದ ಪಂಪು ನಿಲ್ಲಿಸಿ ಎಣ್ಣೆ ಹಾಕುತ್ತಿದ್ದರು. ಪಂಪು ನಿಂತರೆ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಎಲ್ಲಾದರೂ ಒಡಕಿದ್ದರೆ ಹೊರಗಿನ ಕೊಳಕು ಒಳಗೆ ಬಂದು ಕ್ಲೋರಿನ್ನನ್ನು ತಿಂದುಹಾಕುತ್ತದೆ.

ಮರುದಿನ ಅಗೆದಾಗ ಚರಂಡಿಯ ಪಕ್ಕದಲ್ಲೇ ಬೆರಳು ತೂರುವಷ್ಟು ಬಿರುಕು ಸಿಕ್ಕಿತು. ಎಂಜಿನಿಯರು ಪ್ಯಾಂಟು ಮಡಚಿ ಗುಂಡಿಗಿಳಿದರು. "ಕಣ್ಣಿದ್ದೂ ಕುರುಡಾಗಿದ್ವಿ," ಎಂದರು ಮೆಲ್ಲಗೆ.

"ಬಿಡಿ ಸಾಹೇಬ್ರೇ," ಎಂದಳು ದರ್ಜಿ ಮೇಲಿನಿಂದ. "ಹೊಲಿದವಳಿಗೆ ಹರಕು ಕಾಣಲ್ಲ, ತೊಟ್ಟವರಿಗೇ ಕಾಣೋದು."

ಹೊಸ ಕೊಳವೆ ಬಿತ್ತು. ಮುಂದಿನ ಮೂರು ತಿಂಗಳು ಮೊದಲ ಮಂಗಳವಾರದ ಅಂಕಿ ಉಳಿದ ದಿನಗಳಂತೆಯೇ ಬಂತು. ಮೊಮ್ಮಗಳು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ನಾಲ್ಕನೆಯ ತಿಂಗಳ ಮೊದಲ ಮಂಗಳವಾರ ಪರೀಕ್ಷಕಿ ಆ ಬೀದಿಗೆ ಹೋದಾಗ ನಲ್ಲಿಯ ಸುತ್ತ ಐದಾರು ಹೆಂಗಸರು ಅವಳಿಗಾಗಿ ಕಾಯುತ್ತಿದ್ದರು. ಅವರಲ್ಲೊಬ್ಬಳು ಮನೆಯೊಳಗಿಂದ ಪರೀಕ್ಷಕಿಗೆ ಕೂರಲು ಸ್ಟೂಲು ತಂದು, ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ಒಮ್ಮೆ ನೋಡಿ, ಗೋಡೆಯ ನೆರಳಿಗೆ ಸರಿಸಿಟ್ಟಳು.