ಸಿಂಬಿ ಮ್ಯಾಲ ಮೀನಿನ ಟ್ಯಾಂಕು

ನನಗ ಸಿಟ್ಟು ಬರೂದು ಯಾವಾಗ ಅಂತೀರಿ? ಮನಿ ಸೊಸಿ ಹೇಳಿದ್ದು ಗೋಡಿಗೆ ಹೇಳಿದಂಗ ಆದಾಗ.

ಮಾನ್ವಿಯೊಳಗ ನಮ್ಮ ಬಾಜು ಮನಿ ಶಂಶುದ್ದೀನ್ ಸಾಹೇಬ್ರದು. ಪೋತ್ನಾಳದಾಗ ಭತ್ತದ ವ್ಯಾಪಾರ. ಮೊಮ್ಮಗಳು ಅರೀಬಾಗಂತ ರಾಯಚೂರಿಂದ ದೊಡ್ಡ ಮೀನಿನ ಟ್ಯಾಂಕು, ಕಬ್ಬಿಣದ ಸ್ಟ್ಯಾಂಡು ತಂದು ಮಾಳಿಗಿ ಮ್ಯಾಲಿನ ಖೋಲ್ಯಾಗ ಇಟ್ರು. ಹಳೀ ಮನಿ, ಹಲಿಗಿ ನೆಲ, ಒಂದು ಕಡೆ ತಗ್ಗು. ಸ್ಟ್ಯಾಂಡು ಅಳ್ಳಾಡಿತು. ಸಾಹೇಬ್ರು ಹಳೀ ಲುಂಗಿ ಹರಿದು, ಕೊಡದ ಅಡಿಗೆ ಇಡೋ ಸಿಂಬಿಯಂಗ ಸುತ್ತಿ, ಸ್ಟ್ಯಾಂಡಿನ ಒಂದು ಕಾಲಿನ ಅಡಿಗೆ ತುರುಕಿ, ಟ್ಯಾಂಕಿಗೆ ನೀರು ತುಂಬಿ ಮೀನು ಬಿಟ್ಟು ಕೈ ತೊಳಕೊಂಡ್ರು.

ಸೊಸಿ ಆತಿಯಾ ಮಾವಗ ಹೇಳಿದ್ಲು, "ಅಬ್ಬಾ, ನೀರು ಒಂದ ಕಡೆ ವಾಲ್ಯಾದ. ಅರೀಬಾ ದಿನಾ ಗಾಜಿಗೆ ಮೂಗು ಹಚ್ಚಿ ಕುಂದರ್ತಾಳ. ನನಗ ಅಂಜಿಕಿ ಆಗಾಕತ್ತದ."

"ನಮ್ಮಮ್ಮ ಜಲ್ಮೆಲ್ಲಾ ಸಿಂಬಿ ಮ್ಯಾಲ ಕೊಡ ಇಟ್ಟಾಳ, ಒಂದೂ ಉರುಳಿಲ್ಲ. ನೀ ಸುಮ್ಕಿರು" ಅಂದ್ರು ಸಾಹೇಬ್ರು.

ಆಕಿ ನನ್ನ ಮುಂದ ಬಂದು ಅತ್ಲು. ನಾ ಬಿಡ್ತೀನೇನು? ಸೀದಾ ಅವರ ಮಾಳಿಗಿ ಹತ್ತಿದೆ.

"ಸಾಹೇಬ್ರ, ಕೊಡ ಒಬ್ಬಾಕಿ ಎತ್ತತಾಳ. ಇದನ್ನ ನೀವು ಎತ್ರಿ ನೋಡೂಣು. ಮೂರು ಭತ್ತದ ಚೀಲದ ತೂಕ ಅದ. ಅಷ್ಟೂ ಭಾರ ಓರೆ ನಿಂತ್ರ ಗಾಜಿನ ಮೂಲಿ ಜೋಡಣಿ ಬಿಡ್ತದ. ಗೋದಾಮಿನಾಗ ಚೀಲದ ಥಪ್ಪಿ ಓರೆ ಆದ್ರ ಹಮಾಲರಿಗೆ ಬೈತೀರಿ. ಇಲ್ಲಿ ಕೂಸು ಕುಂತದ, ಕಣ್ಣು ಕಾಣವಲ್ದೇನು?"

"ಒಂದೀಟು ವಾಲಿದ್ದಕ್ಕ ಇಷ್ಟ್ಯಾಕ ಒದರ್ತಿ, ಚಂದ್ರಕಲವ್ವಾ?"

ನಾ ಅವರ ಕೈ ಹಿಡಿದು ಸಿಂಬಿ ಮುಟ್ಟಿಸಿದೆ. ತೊಯ್ದು ಚಪ್ಪಟಿ ಆಗಿತ್ತು. ಅಡಿಗಿನ ಹಲಿಗಿ ನೀರು ಕುಡಿದು ಬೆರಳಿಗೆ ಮೆತ್ತಗ ಹತ್ತಿತು. ಸಾಹೇಬ್ರು ಅರೀಬಾನ್ನ ಎತ್ತಿ ಆತಿಯಾನ ಕೈಗೆ ಕೊಟ್ರು. "ನೀ ಹೇಳಿದಾಗ ಕೇಳಬೇಕಿತ್ತು ಬೇಟಿ" ಅಂದ್ರು.

ಮೀನು ಬಕೀಟಿಗೆ ಬಿಟ್ಟು, ನೀರೆಲ್ಲಾ ಹೊರಗ ಚೆಲ್ಲಿದ್ವಿ. ಬಡಿಗ್ಯಾರ ಮಾಳಿಂಗಪ್ಪ ಬಂದು, ಕೆಳಗಿಂದ ತೊಲಿ ಬಡಿದು, ಗಟ್ಟಿ ಇದ್ದ ಜಾಗ ಹುಡುಕಿದ. ಗೋಡಿ ಬಾಜುಕ, ತೊಲಿಗಳಿಗೆ ಅಡ್ಡಾಗಿ ದಪ್ಪನ್ನ ಪ್ಲೈವುಡ್ ಹಾಸಿದ್ವಿ. ತಗ್ಗಿನ ಕಡೆ ಅದರ ಅಡಿಗೆ ಉದ್ದಕ್ಕ ಗಟ್ಟಿ ಕಟಗಿ ಬೆಣಿ ಕೊಟ್ವಿ. ಪ್ಲೈವುಡ್ ಮ್ಯಾಲ ಸ್ಟ್ಯಾಂಡು ನಿಲ್ಲಿಸಿ, ಓರೆ ಅದನೋ ಸಮ ಅದನೋ ತೋರಿಸೋ ರಸಮಟ್ಟ ಇಟ್ಟು, ಅದರ ಗುಳ್ಳಿ ನಡುವ ನಿಂತ ಮ್ಯಾಲ ಟ್ಯಾಂಕು ಏರಿಸಿ ಅರ್ಧ ನೀರು ತುಂಬಿ ಮತ್ತ ನೋಡಿದ್ವಿ. ನೀರು ಎರಡೂ ಕಡೆ ಸಮ ನಿಂತ ಮ್ಯಾಲ ಪೂರ್ತಿ ತುಂಬಿ ಮೀನು ಬಿಟ್ವಿ.

ಅಕ್ಕಂದಿರ, ಅಣ್ಣಂದಿರ, ನಿಮ್ಮ ಮನ್ಯಾಗೂ ಟ್ಯಾಂಕು ಇದ್ರ ಇವತ್ತ ನೋಡ್ರಿ. ನೀರಿನ ಗೆರಿ ಗಾಜಿನ ಅಂಚಿಗೆ ಎರಡೂ ಕಡೆ ಸಮ ಇರಬೇಕು. ಇಲ್ಲಂದ್ರ ತುಂಬಿದ ಟ್ಯಾಂಕಿನ ಅಡಿಗೆ ಅರಿವಿ, ರಟ್ಟು ತುರುಕಬ್ಯಾಡ್ರಿ, ಮೊದಲ ಖಾಲಿ ಮಾಡ್ರಿ. ಮನ್ಯಾಗ ಯಾರರೆ ಅಂಜಿಕಿ ಆಗತದ ಅಂದ್ರ, ಕೂಸಿನ್ನ ಎತ್ತಿ ದೂರ ಕುಂದ್ರಸ್ರಿ. ವಾದ ಆಮ್ಯಾಲ ಮಾಡಾಕ ಬರ್ತದ.