ಎರಡು ಗಂಟೆಯ ಊರು

ಸಂಜೆಯ ಜಪದ ಹೊತ್ತು. ಪಸಿಲಿಯೊ ಕಬ್ಬಿಣದ ಸಲಾಕೆ ಹಿಡಿದು ದೀವಿಹಲಸಿನ ಮರದಡಿ ಬಂದು ನಿಂತ. ಕೊಂಬೆಗೆ ನೇತುಹಾಕಿದ್ದ ಖಾಲಿ ಗ್ಯಾಸ್ ಸಿಲಿಂಡರೇ ದ್ವೀಪದ ಊರು ವೈಸಿನಾದ ಚರ್ಚಿನ ಗಂಟೆ. ಅದರ ಹೊಟ್ಟೆಯಲ್ಲೊಂದು ನೆಗ್ಗು. ಸಮುದ್ರ ಊರೊಳಗೆ ನುಗ್ಗಿದ ಬೆಳಿಗ್ಗೆ ಆದದ್ದು. ಅವನ ಅಪ್ಪ, ಚರ್ಚಿನ ಉಪದೇಶಿ, ಅವತ್ತು ಊರನ್ನು ಎಚ್ಚರಿಸಲು ಇದನ್ನು ಬಡಿಯುತ್ತ ಬಡಿಯುತ್ತಲೇ ಸತ್ತಿದ್ದ.

ಆ ಅಲೆಗೆ ಹವಳದ ಸುಣ್ಣದ ಚರ್ಚು ಕೊಚ್ಚಿಹೋಗಿ ಮೂರು ಮೆಟ್ಟಿಲು ಉಳಿದವು. ಅರ್ಧ ಊರು ಗುಡ್ಡ ಹತ್ತಿ ಕೆಸುವಿನ ತೋಟಗಳಲ್ಲಿ ಮನೆ ಕಟ್ಟಿತು, ಅರ್ಧ ದಡದಲ್ಲೇ ಉಳಿಯಿತು. ಹೊಸ ಚರ್ಚು ಎಲ್ಲಿ ಎಂಬ ಜಗಳಕ್ಕೆ ಎಂಟು ವರ್ಷ. ಗುಡ್ಡದವರೂ ಒಂದು ಸಿಲಿಂಡರು ನೇತುಹಾಕಿಕೊಂಡಿದ್ದರು.

ಪಸಿಲಿಯೊಗೆ ಆ ಮೆಟ್ಟಿಲು ಕಂಡರೆ ಈಗಲೂ ಭಾನುವಾರದ ವಾಸನೆ ಬರುತ್ತಿತ್ತು. ಬಿಸಿಗಲ್ಲಿನ ಒಲೆಯಲ್ಲಿ ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಸೊಪ್ಪು, ಅಪ್ಪನ ಬಿಳಿ ಅಂಗಿ, ಸಲಾಕೆಗಾಗಿ ಅಕ್ಕ ವಿತೋಲಿಯಾಳ ಜೊತೆ ಕಿತ್ತಾಟ. "ಜಪಕ್ಕೆ ಮೂರೇ ಏಟು, ಬಿಟ್ಟು ಬಿಟ್ಟು," ಅಪ್ಪ ಹೇಳುತ್ತಿದ್ದ. "ಗಂಟೆಗೂ ಉಸಿರು ಬೇಕು ಕಣ್ರೋ."

ಗುಡ್ಡ ಹತ್ತಿ ನೆಲೆಸಿದ್ದ ಆ ಅಕ್ಕನ ಜೊತೆ ಮಾತು ನಿಂತು ಮೂರು ವರ್ಷ. ಸಭೆಯಲ್ಲಿ ಅವಳು ಎದ್ದು, "ಮಕ್ಕಳು ಸಮುದ್ರದ ಸದ್ದಿಗೇ ನಿದ್ದೆಯಲ್ಲಿ ಚೀರ್ತಾವೆ. ಅವನ್ನ ಪೂಜೆಗೆ ಅಂತ ಕೆಳಗೆ ಹೇಗೆ ಕರ್ಕೊಂಡು ಬರ್ಲಿ?" ಎಂದಿದ್ದಳು. "ಅಪ್ಪನ್ನ ಇಲ್ಲೇ ಮಣ್ಣಲ್ಲಿ ಮಲಗಿಸಿ ಓಡಿಹೋದ ಹಂದಿಗಳು ನೀವು!" ಎಂದು ಇವನು ಕೂಗಿದ್ದ. ಅಕ್ಕನ ಮುಂದೆ ದನಿ ಏರಿಸಬಾರದ ಊರಿನಲ್ಲಿ ಆ ಮಾತು ಬಿದ್ದಿತ್ತು. ಅವಳು ಸಭೆ ಬಿಟ್ಟು ಹೋಗಿದ್ದಳು.

ಇವತ್ತು ಮಧ್ಯಾಹ್ನವಷ್ಟೇ ಫಾದರ್ ಮಿಕಾಯೆಲೆ ಬಂದು ಹೇಳಿ ಹೋಗಿದ್ದರು: "ಭಾನುವಾರದೊಳಗೆ ಒಂದು ಜಾಗ ಹೇಳಿ. ಇಲ್ಲಾಂದ್ರೆ ಬಿಷಪ್ಪರು ಬೇರೆ ಊರಿಗೆ ಚರ್ಚು ಕೊಡ್ತಾರೆ. ಎರಡು ಗಂಟೆ ಇರೋ ಊರಿಗೆ ಒಂದು ಚರ್ಚು ಎಲ್ಲಿ ಕಟ್ಟಲಪ್ಪಾ?"

ಪಸಿಲಿಯೊ ಸಲಾಕೆ ಎತ್ತಿದ. ಅಷ್ಟರಲ್ಲೇ ಗುಡ್ಡದ ಗಂಟೆ ಮೊದಲು ಮೊಳಗಿತು.

ಅವನ ನೆತ್ತಿಗೆ ಬೆಂಕಿ ಹತ್ತಿತು. ಅವರ ಸದ್ದು ಮುಳುಗಲಿ ಎಂದು ಬಡಿದ. ಬಿಡದೆ, ಉಸಿರು ಕೊಡದೆ, ಹತ್ತು, ಇಪ್ಪತ್ತು, ಮೂವತ್ತು ಏಟು.

ಬೆನ್ನ ಹಿಂದೆ ಪಾತ್ರೆ ಉರುಳಿತು. ತಿರುಗಿ ನೋಡಿದರೆ ದಡದವರೆಲ್ಲ ಮಕ್ಕಳನ್ನು ಕಂಕುಳಲ್ಲಿ ಅವುಚಿಕೊಂಡು ಗುಡ್ಡದ ಕಡೆ ಓಡುತ್ತಿದ್ದರು. ನಿನ್ನೆಯಷ್ಟೇ "ಸತ್ತರೂ ದಡ ಬಿಡಲ್ಲ" ಎಂದು ಎದೆ ತಟ್ಟಿದ್ದವರು! ಆಗ ಅವನಿಗೆ ಹೊಳೆಯಿತು. ಇದು ಜಪದ ಬಡಿತವಲ್ಲ, ಆ ಬೆಳಗಿನ ಅಪ್ಪನ ಬಡಿತ.

ಸಲಾಕೆ ಕೈಯಲ್ಲೇ ನಿಂತಿತು. ಗುಡ್ಡದಿಂದ ಜನ ಕೆಳಗೆ ಓಡಿಬರುತ್ತಿದ್ದರು. ಸಮುದ್ರ ಬರುತ್ತಿದೆ ಎಂದು ನಂಬಿದವರು, ಸಮುದ್ರದ ಕಡೆಗೇ! ಎಲ್ಲರಿಗಿಂತ ಮುಂದೆ ವಿತೋಲಿಯಾ. ಇವನ ಮನೆಗೆ ನುಗ್ಗಿ, ಅಲ್ಲಿದ್ದ ಮುದಿ ಅಮ್ಮನನ್ನು ಬೆನ್ನಿಗೇರಿಸಿಕೊಂಡು ಬಂದು ಅವನ ರಟ್ಟೆ ಹಿಡಿದೆಳೆದಳು.

"ಓಡೋ! ಅಪ್ಪನ ಹಾಗೆ ನೀನೂ ಸಾಯ್ಬೇಕಾ? ಸಲಾಕೆ ಬಿಸಾಕೋ!"

"ಅಕ್ಕಾ..." ಅವನು ಸಲಾಕೆ ಕೆಳಗಿಳಿಸಿದ. "ಅಲೆ ಇಲ್ಲ ಅಕ್ಕಾ. ಸಿಟ್ಟಿಗೆ ಬಡಿದೆ."

ಅವಳು ಏದುಸಿರು ಬಿಡುತ್ತ ಅವನನ್ನೇ ನೋಡಿದಳು. ಅಮ್ಮನನ್ನು ಇಳಿಸಲು ಬಗ್ಗಿದಳು.

"ಇಳಿಸ್ಬೇಡ ಕಣೇ," ಬೆನ್ನ ಮೇಲಿಂದ ಅಮ್ಮ ಗದರಿದಳು. "ಹೊರಟದ್ದು ಹೊರಟಾಯ್ತು, ಮೇಲಕ್ಕೇ ನಡಿ. ನಿಮ್ಮಪ್ಪ ಅಷ್ಟು ಬಡಿದದ್ದು ಯಾಕಂತೆ, ಇಲ್ಲೇ ಕೂತಿರಿ ಅಂತಾನಾ?"

ಅವರು ಹೋದ ಮೇಲೆ ಪಸಿಲಿಯೊ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತ. ಆಮೇಲೆ ಹಗ್ಗ ಬಿಚ್ಚಿ, ಸಿಲಿಂಡರನ್ನು ಹೆಗಲಿಗೇರಿಸಿ ಗುಡ್ಡ ಹತ್ತಿದ.

ಮೇಲೆ ಇಡೀ ಊರು ಒಂದೇ ಕಡೆ ಸೇರಿತ್ತು. ಎಂಟು ವರ್ಷಕ್ಕೆ ಮೊದಲ ಸಲ. ಗುಡ್ಡದ ಪೆಲೆನಾಟೊ ಕೆಣಕಿದ: "ಏನಪ್ಪಾ, ಹಂದಿಗಳ ಗುಡ್ಡಕ್ಕೆ ದಾರಿ ತಪ್ಪಿ ಬಂದ್ಯಾ?"

"ಇಲ್ಲಪ್ಪಾ. ಒಂದು ಹಂದಿ ಕೆಳಗೇ ಉಳಿದಿತ್ತು."

ಯಾರೋ ಕಿಸಕ್ಕೆಂದರು. ಪಸಿಲಿಯೊ ಸಿಲಿಂಡರು ಇಳಿಸಿ, ಅಕ್ಕನ ಮುಂದೆ ತಲೆ ತಗ್ಗಿಸಿ, ಸಲಾಕೆಯನ್ನು ಅವಳ ಪಾದದ ಬಳಿ ಇಟ್ಟ. ವಿತೋಲಿಯಾ ಅದನ್ನು ಎತ್ತಿಕೊಂಡಳು. ಅಪ್ಪನ ಸಿಲಿಂಡರಿನ ನೆಗ್ಗನ್ನು ಬೆರಳಿನಿಂದ ಸವರಿದಳು.

"ಆ ಮೂರು ಮೆಟ್ಟಿಲ ಕಲ್ಲು ನಾಳೆ ತರೋಣ," ಎಂದಳು. "ಹೊಸ ಚರ್ಚಿಗೆ ಅವೇ ಮೆಟ್ಟಿಲು. ಈಗ ನಮ್ಮ ಗಂಟೆ ಇಳಿಸಿ, ಇದನ್ನ ಕಟ್ಟೋ."

ಅವನು ಕಟ್ಟಿದ. ಅವಳು ಹೊಡೆದಳು. ಮೂರೇ ಏಟು, ಬಿಟ್ಟು ಬಿಟ್ಟು.